ಒರೆಸ್ತೆ ಕೆತ್ತಿದ ಗೆರೆ

ರೋಮ್,
3 ಮಾರ್ಚ್ 1889

ಪ್ರೀತಿಯ ಅಕ್ಕ ಎರ್ಸಿಲಿಯಾಗೆ, ನಿನ್ನ ತಮ್ಮ ಅನ್ಸೆಲ್ಮೊ ಮಾಡುವ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ನಿನ್ನ ಮೊಮ್ಮಗಳು ದಿರ್ಚೆಯ ಶಾಲೆ ಹೇಗೆ ನಡೆಯುತ್ತಿದೆ? ನಾನು ಚೆನ್ನಾಗಿದ್ದೇನೆ. ಅಂದರೆ ಅರವತ್ತೆರಡರ ಮುದುಕನೊಬ್ಬ ಎಷ್ಟು ಚೆನ್ನಾಗಿರಬಹುದೋ ಅಷ್ಟು. ಸೆನೆಟ್ಟಿನಲ್ಲಿ ಅರ್ಧ ಜನ ನಿದ್ದೆ ಮಾಡುತ್ತಿರುತ್ತಾರೆ, ಇನ್ನರ್ಧ ಜನ ಅವರು ಏಳಲಿ, ನಾವು ಮಲಗೋಣ ಎಂದು ಕಾಯುತ್ತಿರುತ್ತಾರೆ. ನಾನು ಎರಡೂ ಗುಂಪಿಗೆ ಸೇರಿದವನು.

ನಿನ್ನೆ ನಿಮ್ಮ ಮೇಯರ್ ಕಸ್ತಾಲ್ದಿಯ ಕಾಗದ ಬಂತು. ‘ತಮ್ಮ ಅಕ್ಕನವರು ನಮ್ಮ ಸಮಿತಿಯನ್ನು ಪೊರಕೆ ಹಿಡಿದು ಸ್ವಾಗತಿಸಿದರು’ ಎಂದು ಬರೆದಿದ್ದಾನೆ. ಓದಿ ಒಬ್ಬನೇ ನಕ್ಕೆ. ನಮ್ಮಪ್ಪನ ದೋಣಿಯಲ್ಲಿ ಟಿಕೆಟ್ ಇಲ್ಲದೆ ನದಿ ದಾಟಲು ಬಂದ ಸಿಪಾಯಿಯನ್ನು ನೀನು ಹುಟ್ಟಿನಿಂದ ತಿವಿದು ಕೆಸರಿಗೆ ಬೀಳಿಸಿದ್ದು ನೆನಪಾಯಿತು. ಆಗ ನಿನಗೆ ಹದಿನೈದು. ಐವತ್ತೊಂದು ವರ್ಷವಾದರೂ ನಿನ್ನ ಕೈ ಪಳಗಿದ್ದು ಪಳಗಿದಂತೆಯೇ ಇದೆ.

ಆದರೆ ಅಕ್ಕ, ಈ ಸಲ ಸ್ವಲ್ಪ ತಗ್ಗಿ ಹೋಗು. ಅವರು ಕೇಳುತ್ತಿರುವುದು ಮನೆಯ ಮುಂಗೋಡೆಯಲ್ಲಿ ಒಂದು ಮೊಳ ಜಾಗ. ಅಮೃತಶಿಲೆಯ ಫಲಕ ಸಿದ್ಧವಾಗಿದೆಯಂತೆ. ‘ಈ ಮನೆಯಲ್ಲಿ 1827ರಲ್ಲಿ ಜನಿಸಿದರು ಅನ್ಸೆಲ್ಮೊ ತ್ರವೆರ್ಸಿ. ಗಣಿತಜ್ಞ, ದೇಶಭಕ್ತ, ಸೆನೆಟರ್. ನದಿಗೆ ಲೆಕ್ಕದ ಕಡಿವಾಣ ತೊಡಿಸಿದವರು.’ ಸಾಮಾನ್ಯವಾಗಿ ಇಂಥ ಕಲ್ಲನ್ನು ಮನುಷ್ಯ ಸತ್ತ ಮೇಲೆ ನೆಡುತ್ತಾರೆ. ನಾನು ಸಾಯುವವರೆಗೆ ಕಾಯುವ ತಾಳ್ಮೆ ಕಸ್ತಾಲ್ದಿಗಿಲ್ಲ, ಏಕೆಂದರೆ ಅವನ ಚುನಾವಣೆ ಈ ಶರತ್ಕಾಲದಲ್ಲೇ ಇದೆ.

ಮುಪ್ಪಿನಲ್ಲಿ ಮನುಷ್ಯನಿಗೆ ಆಸೆ ಜಾಸ್ತಿ ಎನ್ನುತ್ತಾರೆ. ನಿಜವಿರಬೇಕು. ದೋಣಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸುತ್ತಿದ್ದವನು ನಾನು. ‘ಪೊಲೆಂತಾ ಮುದ್ದೆ ಆರಿ ಕಲ್ಲಾಗೋಯ್ತು, ಆ ಲೆಕ್ಕಾನ ಊಟ ಮಾಡ್ತೀಯೇನೋ?’ ಎಂದು ಅಮ್ಮ ದಡದಿಂದ ಕೂಗುತ್ತಿದ್ದಳು. ಪಕ್ಕದ ಮನೆಯ ಪಾಲ್ಮೀರಾ ಕಿಟಕಿಯಿಂದ ಸಿಹಿಗುಂಬಳದ ಕಡುಬು ದಾಟಿಸುತ್ತಿದ್ದಳು. ಆಗ ನದಿಯ ಆಚೆ ದಡ ಬೇರೆ ರಾಜ್ಯ, ಬೇರೆ ದೊರೆ. ಅಂಥ ಗಡಿಯನ್ನು ಪುಸ್ತಕದ ಚೀಲ ಹೊತ್ತು ದಾಟಿ ಪಾವಿಯಾದ ವಿಶ್ವವಿದ್ಯಾಲಯಕ್ಕೆ ಹೋದೆ. 1848ರ ದಂಗೆಯಲ್ಲಿ ಬಂದೂಕು ಹಿಡಿದೆ, ಒಂದು ಗುಂಡೂ ಗುರಿ ತಾಗಲಿಲ್ಲ. ಇಪ್ಪತ್ತೆಂಟಕ್ಕೆ ಪ್ರೊಫೆಸರ್ ಆದೆ. ನನ್ನ ಹೆಸರಿನ ಸಮೀಕರಣವೊಂದಿದೆ, ಪ್ಯಾರಿಸ್ಸಿನಲ್ಲೂ ಹುಡುಗರು ಅದಕ್ಕೆ ಬೈಯುತ್ತಾರೆ. ದೇಶ ಒಂದಾದ ವರ್ಷ ಆಚೆ ದಡದ ಬೊರ್ಗಾಲ್ತೊದವರು ನನ್ನನ್ನು ಸಂಸತ್ತಿಗೆ ಆರಿಸಿದರು. ಇಷ್ಟೆಲ್ಲ ಆದ ಮೇಲೆ ಹುಟ್ಟಿದ ಮನೆಯ ಗೋಡೆಯ ಮೇಲೊಂದು ಕಲ್ಲು ಬೇಕೆನಿಸಿದರೆ ಅದು ಅಷ್ಟು ದೊಡ್ಡ ತಪ್ಪೇ?

ಆ ಗೋಡೆಯ ಮೇಲೆ ಭಾವ ಒಂದು ಗೆರೆ ಕೆತ್ತಿದ್ದಾರಂತೆ, ಆ ಅಕ್ಟೋಬರಿನ ನೀರು ಎಲ್ಲಿಯವರೆಗೆ ನಿಂತಿತ್ತೆಂದು ತೋರಿಸಲು. ಫಲಕ ಎಲ್ಲಿ ಬರುತ್ತದೆಂದು ತಿಳಿಯಲು ಆ ಗೆರೆಯ ಎತ್ತರ ಎಷ್ಟೆಂದು ಮೇಸ್ತ್ರಿಗೆ ಬೇಕು. ದಯವಿಟ್ಟು ಅಳೆದು ಬರೆ. ಅಂದಾಜು ಬೇಡ.

ನಿನ್ನ ಪ್ರೀತಿಯ ತಮ್ಮ,
ಅನ್ಸೆಲ್ಮೊ

ತಾ.ಕ.: ಹೊಸ್ತಿಲ ಕಲ್ಲಿನ ಮೇಲಿಂದ ಅಳೆಯಬೇಕು, ಬೀದಿಯಿಂದಲ್ಲ. ಬೀದಿಗೆ ಆಮೇಲೆ ಮಣ್ಣು ಹಾಕಿಸಿರಬಹುದು.


ಪ್ರಾಬಾಸ್ಸೊ,
11 ಮಾರ್ಚ್ 1889

ತಮ್ಮ ಅನ್ಸೆಲ್ಮೊಗೆ ಅಕ್ಕನ ಆಶೀರ್ವಾದ.

ನನ್ನ ಅಕ್ಷರ ಸೊಟ್ಟಗಿದ್ದರೆ ನನ್ನನ್ನು ಬೈಯಬೇಡ. ಕಲಿಸಿದವನು ನೀನು.

ಮಂಡಿ ನೋಯುತ್ತದೆ. ಪೊರಕೆ ಹಿಡಿಯಲು ಮಂಡಿ ಬೇಕಿಲ್ಲ. ಮೇಯರ್ ಏನು ಬರೆದನೋ ನನಗೆ ತಿಳಿಯದು, ನಡೆದದ್ದು ಹೇಳುತ್ತೇನೆ. ಐದು ಜನ ಟೋಪಿ ಹಾಕಿಕೊಂಡು ಬಂದರು. ‘ಅಮ್ಮಾ, ಇದು ಇಡೀ ಊರಿನ ಮರ್ಯಾದೆ’ ಅಂದ ಕಸ್ತಾಲ್ದಿ. ‘ಊರಿನ ಮರ್ಯಾದೇನ ಊರಿನ ಗೋಡೆಗೆ ಹೊಡ್ಕೊಳ್ಳಿ, ನನ್ ಗೋಡೆ ಮೇಲೆ ನನ್ ಗಂಡನ ಗೆರೆ ಇದೆ’ ಅಂದೆ. ಕಲ್ಲುಕುಟಿಗ ತುಗ್ನಾಸ ಹಲ್ಲು ಕಿರಿದು, ‘ಗೆರೆ ಎಲ್ಲಿಗ್ ಹೋಗತ್ತೆ ಎರ್ಸಿಲಿಯಮ್ಮ? ಕಲ್ಲಿನ್ ಹಿಂದೆ ಬೆಚ್ಚಗೆ ಕೂತಿರತ್ತೆ’ ಅಂದ. ‘ನಿನ್ ನಾಲಿಗೇನೂ ಹಂಗೇ ಹಲ್ಲಿನ್ ಹಿಂದೆ ಬೆಚ್ಚಗಿಟ್ಕೊ’ ಅಂದೆ. ಪೊರಕೆ ಎತ್ತಿದ್ದು ಆಮೇಲೆ. ಹೊಡೆಯಲಿಲ್ಲ. ಎತ್ತಿದ್ದಕ್ಕೇ ಓಡಿದರು.

ಫಲಕ ಸರಿಯಾಗಿ ಆ ಗೆರೆಯ ಮೇಲೇ ಬರುತ್ತದೆ ಅನ್ಸೆಲ್ಮೊ. ಅವರಿಗೆ ಬಾಗಿಲಿಗೂ ಕಿಟಕಿಗೂ ನಡುವೆಯೇ ಬೇಕಂತೆ, ಅಲ್ಲಿ ಬೇರೆ ಜಾಗವಿಲ್ಲ. ನಿನ್ನ ಹೆಸರು ಹಾಕಬೇಕಾದರೆ ಒರೆಸ್ತೆಯ ಗೆರೆ ಮುಚ್ಚಬೇಕು. ಇದು ನಿನಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳುವುದಿಲ್ಲ. ನಮ್ಮ ಬಾಗಿಲಿಗೆ ನೀನು ಕೊನೆಯ ಸಲ ಬಂದದ್ದು ಅಮ್ಮನ ಶವ ಎತ್ತುವ ದಿನ. ಅವತ್ತೂ ನೀನು ತಲೆ ಎತ್ತಿ ಗೋಡೆ ನೋಡಲಿಲ್ಲ. ನಾನು ನಿನ್ನನ್ನೇ ನೋಡುತ್ತಿದ್ದೆ.

ನೀನು ಕಾಗದದಲ್ಲಿ ‘ಆ ಅಕ್ಟೋಬರ್’ ಎಂದು ಬರೆದು ಮುಂದೆ ಹೋಗಿದ್ದೀಯ. ನನಗೆ ಹಾಗೆ ದಾಟಿಕೊಂಡು ಹೋಗಲು ಬರುವುದಿಲ್ಲ. ನಿನಗೆ ಯಾರೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಎಪ್ಪತ್ತಮೂರರ ಅಕ್ಟೋಬರಿನಲ್ಲಿ ಪೋ ನದಿ ಐದು ದಿನ ಏರುತ್ತಲೇ ಇತ್ತು. ಒರೆಸ್ತೆ ಏರಿಯ ಕಾವಲುಗಾರ, ಅವನ ಅಪ್ಪನೂ ಅದೇ ಆಗಿದ್ದ. ಊರಿನ ಗಂಡಸರೆಲ್ಲ ಬಂದೂಕು ಹಿಡಿದು ಏರಿಯ ಮೇಲೆ ಸಾಲಾಗಿ ಕೂತಿದ್ದರು. ನೀರಿಗೆ ಗುಂಡು ಹೊಡೆಯಲು ಅಲ್ಲ, ಬೊರ್ಗಾಲ್ತೊದ ದೋಣಿಗೆ. ನಮ್ಮ ತಾತನ ಕಾಲದಿಂದ ಅದೇ ಭಯ ತಾನೇ? ನದಿ ತುಂಬಿದಾಗ ಆಚೆಯವರು ದೋಣಿಯಲ್ಲಿ ಬಂದು ನಮ್ಮ ಏರಿ ಕಡಿದರೆ ನಾವು ಮುಳುಗುತ್ತೇವೆ, ಅವರು ಉಳಿಯುತ್ತಾರೆ. ಅವರಿಗೂ ನಮ್ಮ ಮೇಲೆ ಅದೇ ಗುಮಾನಿ. ಅಷ್ಟೂ ಜನ ಕಣ್ಣು ಕೀಲಿಸಿ ಆಚೆ ದಡ ನೋಡುತ್ತಿದ್ದರು, ಕಾಲ ಬುಡ ನೋಡುತ್ತಿದ್ದವನು ಒರೆಸ್ತೆ ಒಬ್ಬನೇ. ಬೆಳಕು ಹರಿಯುವ ಹೊತ್ತಿಗೆ ನೀರು ಏರಿಯ ನೆತ್ತಿಗೆ ನಾಲಿಗೆ ಚಾಚಿತು. ಇದು ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಕಾವಲು ಬಿಟ್ಟು ಊರೊಳಗೆ ಓಡಿದ. ‘ಮಾಳಿಗೆ ಹತ್ರೋ, ಮುದುಕ್ರನ್ನ ಎತ್ಕೊಳ್ರೋ’ ಎಂದು ಬಾಗಿಲು ಬಾಗಿಲು ಬಡಿದ. ಅಮ್ಮ ಹೇಗೂ ಮೇಲೆ ಮಲಗಿದ್ದಾಳೆ ಎಂಬ ಧೈರ್ಯದಿಂದ ನಮ್ಮ ಸಾಲನ್ನು ಕೊನೆಗೆ ಬಿಟ್ಟು ಆಚೆ ತುದಿಯಿಂದ ಶುರು ಮಾಡಿದ. ಅರವತ್ತೆರಡು ಮನೆಯವರು ಅವನ ಕೂಗಿಗೆ ಎದ್ದು ಉಳಿದರು. ಅವನು ನಮ್ಮ ಸಾಲಿಗೆ ಬರುವುದಕ್ಕೂ ಏರಿ ಒಡೆಯುವುದಕ್ಕೂ ಸರಿಹೋಯಿತು. ಒಂಬತ್ತು ಜನ ಹೋದರು. ಪಾಲ್ಮೀರಾ ಹಾಸಿಗೆ ಹಿಡಿದಿದ್ದಳು, ನಮ್ಮ ಗೋಡೆಗೆ ಅಂಟಿದ ಗೋಡೆಯ ಆಚೆ. ಜೊತೆಗೆ ಅವಳ ಇಬ್ಬರು ಮೊಮ್ಮಕ್ಕಳು.

ಆಮೇಲೆ ರೋಮಿನಿಂದ ತನಿಖಾ ಸಮಿತಿ ಬಂತು. ಅದಕ್ಕೆ ಅಧ್ಯಕ್ಷ ನೀನು. ನಿನ್ನ ವರದಿಯನ್ನು ಊರ ಚೌಕದಲ್ಲಿ ಓದಿದರು. ‘ಏರಿ ಒಡೆದ ಸಮಯದಲ್ಲಿ ಕಾವಲುಗಾರನು ತನ್ನ ಸ್ಥಾನದಲ್ಲಿ ಇರಲಿಲ್ಲ.’ ಅಷ್ಟೇ ಸಾಕಾಯಿತು. ಅವನು ಕಾವಲು ಬಿಟ್ಟಾಗ ಬೊರ್ಗಾಲ್ತೊದವರು ಬಂದು ಕಡಿದರು ಎಂದು ಒಬ್ಬ ಅಂದ. ಬೇಕೆಂದೇ ಬಿಟ್ಟ ಎಂದು ಇನ್ನೊಬ್ಬ ಅಂದ. ಹೆಂಡದಂಗಡಿಯಲ್ಲಿ ಅವನ ಮುಖಕ್ಕೇ ಕೇಳಿದರು: ‘ಏನೋ ಒರೆಸ್ತೆ, ಬಾಮೈದನ್ ಓಟಿಗೋಸ್ಕರ ನಮ್ ಏರಿ ಬಿಟ್ಕೊಟ್ಯಾ?’ ಯಾರ ಹೆಂಡತಿಯನ್ನು ಅವನು ಬೆನ್ನ ಮೇಲೆ ಹೊತ್ತು ಮಾಳಿಗೆಗೆ ಹಾಕಿದ್ದನೋ ಅವನೇ ಕೇಳಿದ್ದು. ಕೆಲಸದಿಂದ ತೆಗೆದರು. ಮುಂದಿನ ವರ್ಷ ಆ ತಾರೀಖಿಗೆ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಿಗೆ ಒಂದು ಗುದ್ದಲಿ ಒರಗಿಸಿಟ್ಟಿದ್ದರು. ಅದರ ಮುಂದಿನ ವರ್ಷವೂ. ಅವನು ಬದುಕಿದ್ದಷ್ಟು ಕಾಲ ಹತ್ತು ಗುದ್ದಲಿ ಬಂದವು. ಸತ್ತ ಮೇಲೂ ನಿಂತಿಲ್ಲ, ಈಗ ಹದಿನೈದಾಗಿವೆ. ಊರಿನಲ್ಲಿ ನನ್ನಷ್ಟು ಗುದ್ದಲಿ ಇರುವ ಮನೆ ಇನ್ನೊಂದಿಲ್ಲ.

ಅವನು ಯಾರಿಗೂ ತಿರುಗಿ ಬೈಯಲಿಲ್ಲ. ಕೊನೆಕೊನೆಗೆ ನನ್ನನ್ನು ಒಂದೇ ಮಾತು ಕೇಳುತ್ತಿದ್ದ. ‘ಆ ವರ್ಷ ಆಚೆ ದಡದ ಏರಿ ಎತ್ತರಿಸಿದ್ರಲ್ಲ ಎರ್ಸಿಲಿಯಾ, ಅದಕ್ಕೂ ನಾವು ಮುಳುಗಿದ್ದಕ್ಕೂ ಏನಾದ್ರೂ ಇದ್ಯಾ? ನಿನ್ ತಮ್ಮನ್ ಕೇಳು. ಅವನಿಗ್ ಗೊತ್ತಿರತ್ತೆ.’ ನಾನು ಕೇಳಲಿಲ್ಲ.

ಏಕೆ ಕೇಳಲಿಲ್ಲ ಎಂದರೆ ಅಮ್ಮನ ಮಂಚ. ಆ ವರ್ಷ ಫೆಬ್ರವರಿಯಲ್ಲಿ ನೀನು ಬರೆದಿದ್ದೆ, ನೆಲದ ಥಂಡಿ ಅಮ್ಮನ ಮೂಳೆಗೆ ಆಗದು, ಮಂಚವನ್ನು ಮೇಲಿನ ಕೋಣೆಗೆ ಹಾಕಿಸಿ ಎಂದು. ‘ಪ್ರೊಫೆಸರ್ ಆಗಿದ್ ಸಾಲ್ದು ಅಂತ ಡಾಕ್ಟ್ರೂ ಆದ್ನಾ ಇವ್ನು?’ ಎಂದು ಅಮ್ಮ ರೇಗಿದಳು. ನೀನು ಬಿಡದೆ ಮೂರು ಕಾಗದ ಬರೆದೆ. ಕೊನೆಗೆ ಒರೆಸ್ತೆಯೇ ಮಂಚ ಬಿಚ್ಚಿ ಮೇಲೆ ಸಾಗಿಸಿದ. ನೀರು ಬಂದ ದಿನ ಅಮ್ಮ ಅಲ್ಲಿಂದಲೇ ನೋಡುತ್ತ ಕೂತಿದ್ದಳು. ಸಾಯುವವರೆಗೂ ಸಿಕ್ಕಸಿಕ್ಕವರಿಗೆ, ‘ನನ್ ಮಗನ ಕರುಳಿಗೆ ಮೊದ್ಲೇ ಗೊತ್ತಾಗಿತ್ತು’ ಎನ್ನುತ್ತಿದ್ದಳು. ಅಮ್ಮನನ್ನು ಉಳಿಸಿದ ತಮ್ಮನನ್ನು ಹೇಗೆ ಪ್ರಶ್ನೆ ಕೇಳಲಿ ಎಂದು ಸುಮ್ಮನಿದ್ದೆ. ಇವತ್ತಿಗೂ ನಿನ್ನ ಕಾಗದಕ್ಕೆ ಉತ್ತರ ಬರೆಯುತ್ತಿರುವುದು ಅದೊಂದೇ ಕಾರಣಕ್ಕೆ.

ಈಗ ಕೇಳುತ್ತಿದ್ದೇನೆ. ಒರೆಸ್ತೆ ಕೇಳಿದ್ದಕ್ಕೆ ಉತ್ತರ ಹೇಳು. ಅವನ ತಪ್ಪಿಲ್ಲ ಎಂದಾದರೆ ರೋಮಿನಲ್ಲಿ ಕೂತು ಬರೆಯುವುದಲ್ಲ, ಇಲ್ಲಿಗೆ ಬಂದು ಏರಿಯ ಮೇಲೆ ನಿಂತು ಊರಿನ ಮುಂದೆ ಓದು. ಆಮೇಲೆ ಒಂದಲ್ಲ ಹತ್ತು ಕಲ್ಲು ಹಾಕಿಸಿಕೋ. ಆಗದಿದ್ದರೆ ನಾನು ಸಾಯುವವರೆಗೆ ಕಾಯಿ.

ನಿನ್ನ ಅಕ್ಕ,
ಎರ್ಸಿಲಿಯಾ

ತಾ.ಕ.: ದಿರ್ಚೆ ಶಾಲೆಯ ಅಳತೆಪಟ್ಟಿ ತಂದು ಅಳೆದಳು. ಹೊಸ್ತಿಲ ಕಲ್ಲಿನ ಮೇಲಿಂದ ಎರಡು ಮೀಟರ್ ಹದಿನಾಲ್ಕು ಸೆಂಟಿಮೀಟರ್. ತುಗ್ನಾಸನನ್ನು ಕೇಳಿದೆ. ಈ ಎತ್ತರ ತನಗೆ ಬೇಕೇ ಇಲ್ಲ ಅಂದ. ಯಾರಿಗೆ ಬೇಕಿತ್ತು?


ರೋಮ್,
19 ಮಾರ್ಚ್ 1889

ಪ್ರೀತಿಯ ಅಕ್ಕ,

ಈ ಕಾಗದವನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಬರೆದು ಹರಿದು ಬುಟ್ಟಿ ತುಂಬಿದೆ. ಜೀವಮಾನದಲ್ಲಿ ನನಗೆ ಉತ್ತರ ಬಾರದ ಪ್ರಶ್ನೆಗಳು ಬಹಳ ಎದುರಾಗಿವೆ. ಉತ್ತರ ಗೊತ್ತಿದ್ದೂ ಬರೆಯಲಾರದ ಪ್ರಶ್ನೆ ಇದೊಂದೇ.

ಭಾವ ಕೇಳಿದ್ದಕ್ಕೆ ಉತ್ತರ ಹೌದು. ಬೊರ್ಗಾಲ್ತೊದ ಏರಿ ಎತ್ತರಿಸಿದ್ದರಿಂದಲೇ ಪ್ರಾಬಾಸ್ಸೊ ಮುಳುಗಿತು. ಅದಕ್ಕೆ ಕಾರಣ ನಾನು.

ನಿನಗೆ ತಿಳಿಯುವಂತೆ ಹೇಳುತ್ತೇನೆ, ನೀನು ದೋಣಿಯವನ ಮಗಳು. ತುಂಬಿ ಬಂದ ನದಿಗೆ ಎರಡೂ ದಡ ಒಂದೇ ಎತ್ತರವಿದ್ದರೆ ಅದು ಎರಡೂ ಕಡೆ ಸ್ವಲ್ಪ ಸ್ವಲ್ಪ ಚೆಲ್ಲುತ್ತದೆ. ಹೊಲ ಹಾಳಾಗುತ್ತದೆ, ಜನ ಉಳಿಯುತ್ತಾರೆ. ಒಂದು ದಡವನ್ನು ಎಂಬತ್ತು ಸೆಂಟಿಮೀಟರ್ ಎತ್ತರಿಸಿದೆವೋ, ಅಲ್ಲಿಯ ಪಾಲೂ ಇಲ್ಲಿಗೇ ಬರುತ್ತದೆ. ನೀರು ಭಾಷಣ ಕೇಳುವುದಿಲ್ಲ, ಎಲ್ಲಿ ತಗ್ಗಿದೆಯೋ ಅಲ್ಲಿಗೆ ಹೋಗುತ್ತದೆ. ಇದನ್ನು ತಿಳಿಯಲು ಪ್ರೊಫೆಸರ್ ಆಗಬೇಕಾಗಿರಲಿಲ್ಲ. ಎರಡು ದಡದ ಜನ ಒಬ್ಬರನ್ನೊಬ್ಬರು ಬಂದೂಕು ಹಿಡಿದು ಕಾಯುತ್ತಿದ್ದದ್ದೂ ಇದು ಗೊತ್ತಿದ್ದದ್ದರಿಂದಲೇ.

ಎಪ್ಪತ್ತೆರಡರ ಚಳಿಗಾಲದಲ್ಲಿ ಬೊರ್ಗಾಲ್ತೊದ ಮತದಾರರು ನನ್ನನ್ನು ಊಟಕ್ಕೆ ಕರೆದರು. ಹನ್ನೊಂದು ವರ್ಷ ಆರಿಸಿ ಕಳಿಸಿದ್ದಕ್ಕೆ ನಮಗೇನು ಸಿಕ್ಕಿತು ಎಂದು ಕೇಳಿದರು. ವಕೀಲನೊಬ್ಬ ಎಲ್ಲರ ಎದುರಿಗೆ, ‘ನಮ್ ಪ್ರೊಫೆಸರ್ ಸಾಹೇಬ್ರು ಹುಟ್ಟಿದ್ ದಡಾನ ಮರೆಯೋರಲ್ಲ ಬಿಡಿ’ ಎಂದು ಚುಚ್ಚಿದ. ಎಲ್ಲರೂ ನಕ್ಕರು. ನನಗೆ ರೋಷ ಬಂತು. ನಾನು ಯಾವ ದಡದವನೂ ಅಲ್ಲ, ಲೆಕ್ಕದವನು, ನಿಮ್ಮ ಏರಿ ಬೇಸಿಗೆಯೊಳಗೆ ಎತ್ತರವಾಗುತ್ತದೆ ಎಂದು ಮಾತು ಕೊಟ್ಟೆ. ಅಕ್ಕ, ನಿನ್ನ ತಮ್ಮ ಹುಟ್ಟಿದ ಊರನ್ನು ಒಂದು ಕೊಂಕು ಮಾತಿಗೆ ಬಿಟ್ಟುಕೊಟ್ಟ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದಕ್ಕಿಂತ ಕಡೆ.

ಎರಡೂ ಏರಿ ಒಟ್ಟಿಗೆ ಎತ್ತರಿಸಿ ಎಂದು ಇಲಾಖೆಯಲ್ಲಿ ಕೇಳಿದೆ. ಈ ವರ್ಷ ಒಂದೇ ದಡ ಸಾಧ್ಯ, ಇನ್ನೊಂದು ಮುಂದಿನ ವರ್ಷ ಎಂದರು. ಆ ‘ಮುಂದಿನ ವರ್ಷ’ ನನಗೆ ಸಾಕಾಯಿತು. ಒಂದೇ ವರ್ಷ ತಾನೇ, ನದಿ ಅಷ್ಟೂ ಕಾಯದೇ ಎಂದುಕೊಂಡೆ. ಸಂಸತ್ತಿನಲ್ಲಿ ಎದ್ದು ನಿಂತು ಲೆಕ್ಕ ಸುಳ್ಳು ಹೇಳುವುದಿಲ್ಲ ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಸ್ವಲ್ಪ ಅಪಾಯವಿರಬಹುದು ಎಂದು ಆಗ ನನಗೆ ಅನಿಸಿತ್ತು, ನಿಜ. ಆದರೆ ಇಷ್ಟು ಅನಾಹುತವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಪ್ರಾಬಾಸ್ಸೊದ ಏರಿಯನ್ನು ಮರುವರ್ಷ ಎತ್ತರಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಅದರ ಶ್ರೇಯಸ್ಸೂ ನನಗೇ ಬಂತು. ‘ಲೆಕ್ಕದ ಕಡಿವಾಣ’ ಎಂದು ಕಸ್ತಾಲ್ದಿ ಕಲ್ಲಿನ ಮೇಲೆ ಬರೆಸಿರುವುದು ಅದನ್ನೇ.

ಇನ್ನು ತನಿಖೆಯ ಮಾತು. ಬೇರೆ ಯಾರನ್ನಾದರೂ ಅಧ್ಯಕ್ಷನನ್ನಾಗಿ ಮಾಡಿ ಎಂದು ನಾನು ಹೇಳಬಹುದಿತ್ತು. ನಾನಿದ್ದರೆ ಭಾವನಿಗೆ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಒಬ್ಬ ಎಂಜಿನಿಯರ್ ಮೊದಲ ದಿನವೇ, ‘ಎದುರಿನ ಏರಿಯ ಎತ್ತರವನ್ನೂ ನೋಡ್ಬೇಕಲ್ವಾ ಸಾರ್?’ ಎಂದ. ಆಗ ನನಗೆ ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನ ಗತಿಯಾಯಿತು. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಗದರಿದೆ. ಆದರೆ ಒಡೆದದ್ದಕ್ಕೆ ಒಂದು ಕಾರಣವನ್ನು ವರದಿಯಲ್ಲಿ ಬರೆಯಲೇಬೇಕಿತ್ತು. ನಾನು ಬರೆದೆ: ‘ಏರಿ ಒಡೆದ ಸಮಯದಲ್ಲಿ ಕಾವಲುಗಾರನು ತನ್ನ ಸ್ಥಾನದಲ್ಲಿ ಇರಲಿಲ್ಲ.’ ಭಾವ ಎಲ್ಲಿದ್ದರು ಎಂದು ನನಗೆ ಗೊತ್ತಿತ್ತು. ಅರವತ್ತು ಜನ ಸಾಕ್ಷಿ ಹೇಳಿದ್ದರು. ಆದರೂ ಅವರು ಎಲ್ಲಿದ್ದರು ಎಂದು ಬರೆಯಲಿಲ್ಲ, ಎಲ್ಲಿರಲಿಲ್ಲ ಎಂದಷ್ಟೇ ಬರೆದೆ. ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಿಲ್ಲ ಎಂದು ಅವತ್ತು ನನಗೆ ಸಮಾಧಾನವಾಗಿತ್ತು. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ಭಾವ ಒಮ್ಮೆಯೂ ನನಗೆ ಬರೆಯಲಿಲ್ಲ. ಬರೆದು ಬೈದಿದ್ದರೆ ಚೆನ್ನಾಗಿತ್ತು. ಹೋದ ಸಲ ನಾನು ಬಂದಾಗ, ಅಮ್ಮನ ಶವಪೆಟ್ಟಿಗೆಯ ಒಂದು ಕಡೆ ನಾನು, ಇನ್ನೊಂದು ಕಡೆ ಅವರು ಹೆಗಲು ಕೊಟ್ಟಿದ್ದೆವು. ನಾನು ಕುಳ್ಳ. ಭಾರ ನನ್ನ ಕಡೆ ವಾಲದಿರಲೆಂದು ಅವರು ದಾರಿಯುದ್ದಕ್ಕೂ ಮಂಡಿ ಬಗ್ಗಿಸಿ ನಡೆದರು. ಅಷ್ಟೇ ನಮ್ಮಿಬ್ಬರ ನಡುವೆ ಆದ ಮಾತುಕತೆ.

ಆಚೆ ದಡದಿಂದ ದೋಣಿಯಲ್ಲಿ ಯಾರೂ ಬರಲಿಲ್ಲ ಅಕ್ಕ. ನಿನ್ನ ಹೊಸ್ತಿಲಿಗೆ ಒರಗಿಸಿದ ಹದಿನೈದು ಗುದ್ದಲಿಗಳೂ ನನ್ನವು. ವಿಳಾಸ ತಪ್ಪಿ ನಿಮಗೆ ಬಂದಿವೆ.

ನಾನು ಮಾಡಿರುವುದು ಇಷ್ಟು. ಆ ವರದಿ ಅನ್ಯಾಯದ್ದೆಂದು, ಒರೆಸ್ತೆ ಮಾಲಗೂತಿ ಕಾವಲು ಬಿಟ್ಟದ್ದರಿಂದಲೇ ಅರವತ್ತೆರಡು ಮನೆಯವರು ಉಳಿದರೆಂದು, ಏರಿ ಒಡೆದದ್ದು ನನ್ನ ನಿರ್ಧಾರದಿಂದ ಎಂದು ಹೇಳಿಕೆ ಬರೆದು ಸಹಿ ಮಾಡಿದ್ದೇನೆ. ಒಂದು ಪ್ರತಿ ಸೆನೆಟ್ಟಿನ ಅಧ್ಯಕ್ಷರಿಗೆ ಹೋಗಿದೆ, ಇನ್ನೊಂದು ಇದರೊಂದಿಗೆ ಇದೆ. ಅಧ್ಯಕ್ಷರು ಕರೆಸಿ, ‘ಹದಿನಾರು ವರ್ಷ ಆಯ್ತಲ್ಲ ತ್ರವೆರ್ಸಿ, ಈಗ್ಯಾಕೆ ಸತ್ತವರನ್ನ ಎಬ್ಬಿಸ್ತೀರಿ?’ ಎಂದರು. ‘ಒಬ್ಬರು ಸತ್ತ ಮೇಲೂ ಮಲಗಿಲ್ಲ’ ಎಂದೆ. ಮೇ ಐದರ ಭಾನುವಾರ ನಾನು ಬರುತ್ತೇನೆ. ನೀನು ಹೇಳಿದ ಹಾಗೆ ಏರಿಯ ಮೇಲೆ ನಿಂತು ನಾನೇ ಓದುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ. ಜನ ಕಲ್ಲು ಹೊಡೆಯುತ್ತಾರೆ ಎಂದಲ್ಲ, ಪಾಲ್ಮೀರಾಳ ಮಗ ಗುಂಪಿನಲ್ಲಿ ನಿಂತಿರುತ್ತಾನೆ ಎಂದು.

ಫಲಕ ಬೇಡವೆಂದು ಕಸ್ತಾಲ್ದಿಗೆ ಬರೆದಿದ್ದೇನೆ. ಕೆತ್ತಿದ ಕಲ್ಲು ದಂಡವಾಗುತ್ತದೆಂದು ಅವನು ಗೊಣಗಬಹುದು. ಅಮೃತಶಿಲೆಯ ಹಿಂಬದಿ ಖಾಲಿಯೇ ಇರುತ್ತದೆ. ತುಗ್ನಾಸ ಅದನ್ನು ತಿರುಗಿಸಿ ಭಾವನ ಹೆಸರು ಕೆತ್ತಲಿ, ಗೆರೆಯನ್ನು ಮುಚ್ಚದೆ ಬಾಗಿಲ ಆಚೆ ಪಕ್ಕ ಎಲ್ಲಿ ಬೇಕೋ ಅಲ್ಲಿ ನೀನು ಹಾಕಿಸು. ನನ್ನ ಹೆಸರು ಗೋಡೆಯ ಕಡೆ ಮುಖ ಮಾಡಿಕೊಂಡಿರಲಿ.

ನನ್ನನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಧೈರ್ಯ ನನಗಿಲ್ಲ. ಅವತ್ತು ಬಾಗಿಲು ತೆರೆದರೆ ಸಾಕು.

ನಿನ್ನ ತಮ್ಮ,
ಅನ್ಸೆಲ್ಮೊ

ತಾ.ಕ.: ಲಕೋಟೆ ಅಂಟಿಸಿ ಅಂಚೆಗೆ ಹೊರಟವನು ಮೆಟ್ಟಿಲಿಂದ ತಿರುಗಿ ಬಂದು ಮತ್ತೆ ಬಿಚ್ಚಿದ್ದೇನೆ. ಮೇಲಿನ ಕಾಗದದಲ್ಲಿ ಒಂದು ವಾಕ್ಯ ಸುಳ್ಳು. ಇಷ್ಟು ಅನಾಹುತವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೇನಲ್ಲ, ಅದು.

ಗೊತ್ತಿತ್ತು. ಭಾಷಣ ಮಾಡುವ ಹಿಂದಿನ ವಾರ ಲೆಕ್ಕ ಹಾಕಿ ನೋಡಿದ್ದೆ. ನಮ್ಮೂರು ಒಂದು ಬೋಗುಣಿ, ಒಮ್ಮೆ ನೀರು ಒಳಗೆ ಬಂದರೆ ಊರ ಹಿಂಬದಿಯ ಹಳೆಯ ಏರಿಯ ತಲೆಮಟ್ಟ ತುಂಬುವವರೆಗೆ ನಿಲ್ಲುವುದಿಲ್ಲ. ಬೀದಿ ಬೀದಿಗೂ ಆಳ ಎಷ್ಟೆಂದು ಬರೆದೆ. ಕೊನೆಯಲ್ಲಿ ನಮ್ಮ ಮನೆಯ ಹೊಸ್ತಿಲಿನದೂ ಬರೆದೆ. ಆ ಹಾಳೆ ಹದಿನಾರು ವರ್ಷದಿಂದ ನನ್ನ ಮೇಜಿನ ಖಾನೆಯಲ್ಲಿದೆ. ಮೇಲೆ ತಾರೀಖು ಫೆಬ್ರವರಿ ಒಂಬತ್ತು. ಅಮ್ಮನಿಗೆ ಮಂಚ ಮೇಲೆ ಹಾಕಿಸಿಕೋ ಎಂದು ಮೊದಲ ಕಾಗದ ಬರೆದದ್ದು ಅದೇ ದಿನ, ಅದೇ ಲೇಖನಿಯಲ್ಲಿ. ಥಂಡಿಯೂ ಅಲ್ಲ, ಮೂಳೆಯೂ ಅಲ್ಲ, ಅಮ್ಮ ಹೇಳುತ್ತಿದ್ದ ಕರುಳೂ ಅಲ್ಲ. ನನ್ನ ಅಮ್ಮನಿಗೆ ಮೂರು ಕಾಗದ ಬರೆದವನು ಗೋಡೆಯ ಆಚೆಗಿದ್ದ ಪಾಲ್ಮೀರಾಳಿಗೆ ಒಂದು ಸಾಲು ಬರೆಯಲಿಲ್ಲ. ಬರೆದಿದ್ದರೆ ಯಾಕೆ ಎಂದು ಊರು ಕೇಳುತ್ತಿತ್ತು.

ಎತ್ತರ ಬೇಕಾಗಿದ್ದದ್ದು ಮೇಸ್ತ್ರಿಗಲ್ಲ, ನನಗೆ. ಹದಿನಾರು ವರ್ಷ ಯಾರನ್ನೂ ಕೇಳಲಾಗದೆ ಕೊನೆಗೆ ಫಲಕದ ನೆಪ ಸಿಕ್ಕಿತು. ಹಾಳೆಯಲ್ಲಿ ನಾನು ಬರೆದಿದ್ದದ್ದು ಎರಡು ಮೀಟರ್ ಹದಿನಾರು. ಭಾವ ಕೆತ್ತಿದ್ದು ಹದಿನಾಲ್ಕು. ಬರೀ ಒಂದು ಬೆರಳಿನ ವ್ಯತ್ಯಾಸ. ನಿನ್ನ ಕಾಗದದಲ್ಲಿ ಆ ಅಂಕಿ ಓದಿದಾಗ ಅಳು ಬಂತು ಅಕ್ಕ. ಆದರೆ ಅಳುವಿಗಿಂತ ಮೊದಲು, ಒಂದು ಕ್ಷಣ, ಲೆಕ್ಕ ಸರಿಬಂತಲ್ಲ ಎಂದು ನನಗೆ ಸಂತೋಷವಾಯಿತು. ಮೇ ಐದರಂದು ಬಾಗಿಲು ತೆರೆಯುವ ಮೊದಲು ಇದೂ ನಿನಗೆ ಗೊತ್ತಿರಲಿ.